ಮಾದಸ್ವಾಮಿ ಕಂಡ ಸಮುದ್ರ

ರೇಷ್ಮೆ ಹುಳ ಸಾಕುವವರಿಗೆ ಭಾನುವಾರವಿಲ್ಲ, ಹಬ್ಬವಿಲ್ಲ, ನೆಂಟರ ಮದುವೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಷ್ಟು ಪುರುಸೊತ್ತೂ ಇಲ್ಲ. ಹುಳ ಸೊಪ್ಪು ಕೇಳಿದಾಗ ಸೊಪ್ಪು ಹಾಕಬೇಕು. ಆದರೂ ದೇವರು ದೊಡ್ಡವನು, ಹುಳಕ್ಕೆ ಜ್ವರ ಕೊಟ್ಟಿದ್ದಾನೆ. ಜ್ವರ ಎಂದರೆ ಮೈ ಬಿಸಿಯಾಗುವ ಜ್ವರವಲ್ಲ. ಪೊರೆ ಕಳಚುವ ಮೊದಲು ಹುಳ ತಲೆ ಎತ್ತಿಕೊಂಡು, ಸೊಪ್ಪು ಮುಟ್ಟದೆ, ಅಲ್ಲಾಡದೆ ಕೂತುಬಿಡುತ್ತದೆ. ಅದಕ್ಕೆ ನಮ್ಮ ಕಡೆ ಹುಳ ಜ್ವರಕ್ಕೆ ಕೂತಿದೆ ಎನ್ನುತ್ತೇವೆ. ಒಂದು ಬೆಳೆಗೆ ಇಂಥ ಜ್ವರ ನಾಲ್ಕು. ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು, ಹಿಂದಿನ ರಾತ್ರಿ ಕೂತರೆ ಮಾರನೇ ದಿನ ಪೂರ್ತಿ ಕೂತಿದ್ದು ಅದರ ಮಾರನೇ ಬೆಳಗ್ಗೆ ಏಳುತ್ತದೆ. ಆ ಒಂದು ಹಗಲಿನಲ್ಲಿ ನಮ್ಮ ಬೀದಿಯ ಗಂಡಸರು ಕೊಳ್ಳೇಗಾಲಕ್ಕೆ ಹೋಗಿ ಕ್ಷೌರ ಮಾಡಿಸುತ್ತಾರೆ, ಹೆಂಗಸರು ತವರಿಗೆ ಹೋಗಿ ಅವತ್ತೇ ವಾಪಸು ಬರುತ್ತಾರೆ, ಹಲ್ಲು ನೋವಿದ್ದವರು ಹಲ್ಲು ಕೀಳಿಸಿಕೊಳ್ಳುತ್ತಾರೆ.

ನಮ್ಮ ಬೀದಿಯ ಮಾದಸ್ವಾಮಿ ಮಾತ್ರ ಇಂಥದೊಂದು ಹಗಲಿನಲ್ಲಿ ಸಮುದ್ರಕ್ಕೆ ಹೊರಟ.

ಇದಕ್ಕೆ ಕಾರಣ ಅವನ ಷಡ್ಡಕ ರಂಗನಾಥ. ಮಾದಸ್ವಾಮಿಯ ಹೆಂಡತಿ ರತ್ನ. ಅವಳ ತಂಗಿ ರಮ್ಯ. ಆ ರಮ್ಯಳ ಗಂಡ ಈ ರಂಗನಾಥ. ಯಳಂದೂರಿನ ಯಾವುದೋ ಆಫೀಸಿನಲ್ಲಿ ಗುಮಾಸ್ತ. ಅವನಿಗೆ ಎರಡನೇ ಶನಿವಾರವುಂಟು, ಸಾಂದರ್ಭಿಕ ರಜೆಯುಂಟು, ಗಳಿಕೆ ರಜೆಯುಂಟು. ಅವನು ಹೆಂಡತಿಯನ್ನು ಕರೆದುಕೊಂಡು ಕರಾವಳಿಗೆ ಹೋಗಿ ಬಂದು ಹನ್ನೊಂದು ಫೋಟೋ ಸ್ಟೇಟಸ್‌ಗೆ ಹಾಕಿದ್ದ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ತೆಂಗಿನ ಮರ, ನಡುವೆ ರಸ್ತೆ, ರಸ್ತೆಯ ನಡುವೆ ಕಪ್ಪು ಕನ್ನಡಕದ ರಂಗನಾಥ. ಹನ್ನೊಂದರಲ್ಲೂ ಅದೇ ಕನ್ನಡಕ.

ಬೆಳಗ್ಗೆ ಕಾಫಿ ಕೊಡುತ್ತ ರತ್ನ ಆ ಫೋಟೋಗಳನ್ನು ಗಂಡನ ಮುಖದ ಮುಂದೆ ಹಿಡಿದಳು.

"ನೋಡಿ, ನಮ್ಮ ರಮ್ಯ ಕಾಲು ನೆನೆಸ್ಕಂಡು ನಿಂತವ್ಳೆ. ಮದ್ವೆಯಾಗಿ ಇಪ್ಪತ್ತೆರಡು ವರ್ಷಾಯ್ತು, ನಾನು ನೋಡಿರೋ ದೊಡ್ಡ ನೀರು ಅಂದ್ರೆ ನಮ್ಮೂರ ನಾಲೆ."

"ಸಮುದ್ರದಲ್ಲೇನದೆ? ನೀರದೆ. ಕುಡಿಯಾಕಾಗಲ್ಲ, ತೋಟಕ್ಕೆ ಬುಡಾಕಾಗಲ್ಲ," ಎಂದ ಮಾದಸ್ವಾಮಿ.

"ಹೂಂ, ನಿಮಗೆ ಕರಕಂಡೋಗಾಕಾಗಲ್ಲ ಅಂತ ನೀರ್ಗೆ ಯಾಕೆ ಬಯ್ತೀರಿ?"

ಅಷ್ಟರಲ್ಲಿ ರಂಗನಾಥನದೇ ಫೋನು ಬಂತು. ಇಂಥ ಹೊತ್ತಿನಲ್ಲಿ ಫೋನು ಮಾಡುವುದಕ್ಕೆ ಅವನಿಗೆ ಜನ್ಮದಿಂದ ಬಂದ ಜಾಣ್ಮೆಯುಂಟು. ಸ್ಟೇಟಸ್ ನೋಡಿದಿರಾ ಭಾವ, ಹೆಂಗೈತೆ ಭಾವ, ಒಂದು ಸಲ ನೀವೂ ಹೋಗಬೇಕು ಭಾವ, ಆದರೆ ನಿಮಗೆ ಹುಳ ಬಿಟ್ಟು ಬರೋಕೆ ಎಲ್ಲಾಯ್ತದೆ ಭಾವ, ಎಂದು ನಾಲ್ಕು ಭಾವ ಹೇಳುವಷ್ಟರಲ್ಲಿ ಮಾದಸ್ವಾಮಿಯ ಮೂಗು ಕೆಂಪಾಗಿತ್ತು.

"ಯಾಕಾಗಲ್ಲ? ನಾವೂ ಇವತ್ತು ಅಲ್ಲಿಗೇ ಒಂಟಿದ್ದೀವಿ. ಸಮುದ್ರದ ಪಕ್ಕದ ರಸ್ತೆಗೆ. ರತ್ನ ಸೀರೆ ಉಟ್ಕತಾವ್ಳೆ."

ರತ್ನ ಸೀರೆ ಉಟ್ಟುಕೊಳ್ಳುತ್ತಿರಲಿಲ್ಲ. ಕಾಫಿ ಲೋಟ ತೊಳೆಯುತ್ತಿದ್ದಳು. ಆದರೆ ಆ ಮಾತು ಕಿವಿಗೆ ಬಿದ್ದ ಐದು ನಿಮಿಷದಲ್ಲಿ ಉಟ್ಟು ಓಮ್ನಿಯ ಮುಂದಿನ ಸೀಟಿನಲ್ಲಿ ಕೂತಿದ್ದಳು. ಬಾಯಿ ತಪ್ಪಿ ಬಂದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಮಾದಸ್ವಾಮಿಗೆ ದಾರಿ ಉಳಿಯಲಿಲ್ಲ.

ಹುಳದ ಮನೆಯ ಕಾವಲಿಗೆ ಎದುರು ಮನೆಯ ಚಿಕ್ಕನಿಂಗಮ್ಮ ಒಪ್ಪಿಕೊಂಡಳು. ಎಪ್ಪತ್ತು ದಾಟಿದ ಹೆಂಗಸು. ಹುಳದ ವಿಚಾರದಲ್ಲಿ ಅವಳ ಮಾತೇ ನಮ್ಮ ಬೀದಿಗೆ ಕಾನೂನು. ಹೊರಗಿನಿಂದ ಬಂದವರು ಕಾಲು ತೊಳೆಯದೆ ಹುಳದ ಮನೆ ಹೊಕ್ಕರೆ ಪೊರಕೆಯಲ್ಲಿ ಬಾರಿಸುತ್ತಾಳೆ. ಒಮ್ಮೆ ಸ್ವಂತ ಅಳಿಯನಿಗೂ ಬಾರಿಸಿದ್ದಾಳೆ. "ಎಷ್ಟೊತ್ಗೆ ಬತ್ತೀಯ್ಲಾ?" ಎಂದು ಕೇಳಿದಳು. "ಹುಳ ಏಳಾಕೆ ಮುಂಚೆ ಬತ್ತೀವಿ ದೊಡ್ಡವ್ವ," ಎಂದ ಮಾದಸ್ವಾಮಿ. ಇನ್ನೂರು ಮೊಟ್ಟೆಯ ಹುಳ, ಒಂದು ಮೊಟ್ಟೆ ಎಂದರೆ ನಮ್ಮ ಲೆಕ್ಕದಲ್ಲಿ ನಾನೂರಕ್ಕೂ ಮೇಲೆ ಹುಳ, ಹದಿನೆಂಟು ದಿನದ ದುಡಿಮೆ. ಈ ಜ್ವರ ಸುಸೂತ್ರವಾಗಿ ಎದ್ದರೆ ಇನ್ನೊಂದು ವಾರದಲ್ಲಿ ಗೂಡು. ಅಷ್ಟು ಅವನಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಸಮುದ್ರ ಯಾವ ಕಡೆ ಇದೆ ಎಂಬುದು.

ಇಲ್ಲಿಂದ ಮುಂದಿನದನ್ನು ನಾನು ರತ್ನಳ ಬಾಯಲ್ಲಿ ಕೇಳಿದ್ದೇನೆ. ಮಾದಸ್ವಾಮಿ ಹೇಳುವ ಕಥೆ ಬೇರೆ ಇದೆ. ಅದರಲ್ಲಿ ಅವನು ಒಂದು ಕಡೆಯೂ ತಪ್ಪಿಲ್ಲ.

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಿದ್ದ ಒಬ್ಬ ಬಸ್ ಡ್ರೈವರನ್ನು ಅವನು ವಿಚಾರಿಸಿದ. "ಅಣ್ಣ, ಸಮುದ್ರಕ್ಕೆ ಯಾವ ಕಡೆ ಓಗ್ಬೇಕು?"

ಡ್ರೈವರು ಲೋಟ ಕೆಳಗಿಟ್ಟ. "ಯಾವ ಸಮುದ್ರ?"

"ಅತ್ರದ್ದು."

"ಈ ಕಡೆನೂ ಅದೆ, ಆ ಕಡೆನೂ ಅದೆ. ಯಾವ ಕಡೆ ಓದ್ರೂ ರಾತ್ರಿ ಆಯ್ತದೆ. ಬರಾದು ನಾಳೆ."

ಓಮ್ನಿಗೆ ವಾಪಸು ಬಂದ ಮಾದಸ್ವಾಮಿ ಗಾಡಿ ಸ್ಟಾರ್ಟ್ ಮಾಡಿ ಹನೂರಿನ ಕಡೆ ತಿರುಗಿಸಿದ. ಮಾದಪ್ಪನ ಬೆಟ್ಟಕ್ಕೆ ವರ್ಷಕ್ಕೆರಡು ಸಲ ಹೋಗಿ ಬರುವ ಆ ಓಮ್ನಿಗೆ ಗೊತ್ತಿದ್ದ ದೂರದ ರಸ್ತೆ ಅದೊಂದೇ. ಹನೂರು ದಾಟಿತು, ತಾಳಬೆಟ್ಟ ದಾಟಿತು, ಬೆಟ್ಟದ ತಿರುವುಗಳು ಬಂದವು. ರತ್ನ ಮೊದಲು ಕೈ ಮುಗಿದಳು, ಆಮೇಲೆ ಅನುಮಾನಪಟ್ಟಳು.

"ಸಮುದ್ರ ಮಾದಪ್ಪನ ಬೆಟ್ಟದ ಮೇಲದ್ಯಾ?"

"ಸುಮ್ನಿರು. ಒಳದಾರಿ ಇದು."

ಬೆಟ್ಟ ಇಳಿದು ಪಾಲಾರ್ ಸೇರಿದರೆ ಅಲ್ಲಿ ಅರಣ್ಯದವರ ಚೆಕ್‌ಪೋಸ್ಟು. ಕಾವಲಿನವನು ರಿಜಿಸ್ಟರು ತೆರೆದು ಹೆಸರು, ಗಾಡಿ ನಂಬರು ಬರೆದುಕೊಂಡು, ಎಲ್ಲಿಗೆ ಎಂದು ಕೇಳಿದ. ಸುಳ್ಳನ್ನು ಒಂದು ಕಡೆ ಹೇಳಿ ಇನ್ನೊಂದು ಕಡೆ ಬಿಡುವುದು ಮಾದಸ್ವಾಮಿಗೆ ಬರುವುದಿಲ್ಲ. "ಸಮುದ್ರಕ್ಕೆ ಸಾ," ಎಂದ.

ಕಾವಲಿನವನು ಪೆನ್ನು ಎತ್ತಿದ. "ಗೋಪಿನಾಥಂಗೆ ಓಗೋರು ಬತ್ತಾರೆ, ಮೆಟ್ಟೂರಿಗೆ ಓಗೋರು ಬತ್ತಾರೆ. ಒಂಬತ್ತು ವರ್ಷದಿಂದ ಇಲ್ಲಿ ಕೂತಿದ್ದೀನಿ, ಸಮುದ್ರಕ್ಕೆ ಓಗೋರು ಇವತ್ತೇ ಬಂದದ್ದು."

"ಬರ್ಕಳಿ ಸಾ, ಬರ್ಕಳಿ."

ಅವನು ರತ್ನಳ ಮುಖ ನೋಡಿದ. ರತ್ನ ಕಿಟಕಿಯ ಆಚೆ ಮುಖ ತಿರುಗಿಸಿಕೊಂಡಳು. 'ಉದ್ದೇಶ: ಸಮುದ್ರ' ಎಂದು ಬರೆದುಕೊಂಡು ಅವನು ಗೇಟು ಎತ್ತಿದ. ಹೀಗಾಗಿ ಸರ್ಕಾರಿ ದಾಖಲೆಯ ಪ್ರಕಾರ ಮಾದಸ್ವಾಮಿ ಅವತ್ತು ಸಮುದ್ರಕ್ಕೇ ಹೋಗಿದ್ದಾನೆ. ಈ ಮಾತನ್ನು ಅವನು ಇವತ್ತಿಗೂ ಹೇಳುತ್ತಾನೆ.

ಮುಂದೆ ಮೆಟ್ಟೂರು ಅಣೆಕಟ್ಟೆಯ ಹಿನ್ನೀರು. ನಿಜ ಹೇಳಬೇಕೆಂದರೆ ಅದು ನೋಡುವಂಥ ನೀರು. ರಸ್ತೆಯ ಪಕ್ಕದಲ್ಲೇ ಶುರುವಾಗಿ ಕಣ್ಣು ಹೋಗುವಷ್ಟು ದೂರ ಹರಡಿಕೊಂಡಿತ್ತು. ಗಾಳಿಗೆ ಸಣ್ಣ ಅಲೆಗಳೂ ದಡಕ್ಕೆ ಬರುತ್ತಿದ್ದವು. ರತ್ನ ಚಪ್ಪಲಿ ಬಿಟ್ಟು ನೀರಿಗಿಳಿದಳು, ಬೊಗಸೆಯಲ್ಲಿ ತೆಗೆದು ಬಾಯಿಗೆ ಹಾಕಿಕೊಂಡಳು.

"ಉಪ್ಪಿಲ್ವಲ್ಲ?"

"ದಡದಲ್ಲಿ ಇರಲ್ಲ. ಉಪ್ಪೆಲ್ಲ ಒಳಗಿರ್ತದೆ."

ಬಿದಿರಿನ ತೆಪ್ಪದಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ತಮಿಳು ಮುದುಕನಿಗೆ ಈ ಮಾತು ಕೇಳಿಸಿತು. "ಕಡಲಾ? ಇದು ಡ್ಯಾಮ್ ತಣ್ಣಿ ಸಾಮಿ," ಎಂದು ಅವನು ಬಿದ್ದು ಬಿದ್ದು ನಕ್ಕ. ರತ್ನಳೂ ನಕ್ಕಳು. ಬಯ್ಯುತ್ತಾಳೆಂದು ಹೆದರಿದ್ದ ಮಾದಸ್ವಾಮಿಗೆ ಅದರಿಂದ ಧೈರ್ಯ ಬಂತು. ಅವಳಿಗೂ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೆಲಸವಿಲ್ಲದ ಒಂದು ಹಗಲು ಸಿಕ್ಕಿತ್ತು. ಅದನ್ನು ಜಗಳದಲ್ಲಿ ಕಳೆಯಲು ಅವಳು ದಡ್ಡಿಯಲ್ಲ.

"ಇಷ್ಟು ದೂರ ಬಂದಿದ್ದೀವಿ, ಆ ರಂಗನಾಥನಿಗೆ ಒಂದು ಫೋಟೋ ತೋರಿಸ್ಬೇಕು ಕಣ್ರೀ," ಎಂದವಳು ರತ್ನಳೇ. ಇದನ್ನು ಅವಳು ಒಪ್ಪುವುದಿಲ್ಲ, ಆದರೆ ನನಗೆ ಗೊತ್ತು.

ಫೋಟೋಗೆ ಅಡ್ಡಿಯಾಗಿದ್ದದ್ದು ಆಚೆ ದಡದ ಗುಡ್ಡ. ಸಮುದ್ರಕ್ಕೆ ಆಚೆ ದಡ ಕಾಣಬಾರದು ಎಂಬಷ್ಟು ಭೂಗೋಳ ಮಾದಸ್ವಾಮಿಗೆ ಗೊತ್ತಿತ್ತು.

"ಒಂಚೂರು ಎಡಕ್ಕೆ ಬಾ. ಆ ಗುಡ್ಡ ಮುಚ್ಚೋ ಅಂಗೆ ನಿಂತ್ಕ."

"ಗುಡ್ಡ ಮುಚ್ಚೋವಷ್ಟು ದಪ್ಪ ಇದ್ದೀನಾ ನಾನು?"

"ಇದ್ದೀಯ, ನಿಂತ್ಕ."

ಇದಕ್ಕೆ ಅವಳು ಕೊಟ್ಟ ಉತ್ತರ ಇಲ್ಲಿ ಬರೆಯುವಂಥದ್ದಲ್ಲ. ಕೊನೆಗೆ ಅವಳು ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಗಾಳಿಗೆ ಬಿಟ್ಟಳು. ಉಳಿದ ಗುಡ್ಡ ಅದರಲ್ಲಿ ಮುಚ್ಚಿಹೋಯಿತು. ತೆಪ್ಪದ ಮುದುಕ ದಯಮಾಡಿ ಬಗ್ಗಿ ಕೂತ. 'ಸಮುದ್ರ ತೀರದ ರಸ್ತೆಯಲ್ಲಿ ಒಂದು ದಿನ' ಎಂಬ ಒಕ್ಕಣೆಯೊಂದಿಗೆ ಫೋಟೋ ಸ್ಟೇಟಸ್ ಏರಿತು.

ಇತ್ತ ನಮ್ಮ ಬೀದಿಯಲ್ಲಿ ಹತ್ತು ನಿಮಿಷದಲ್ಲಿ ಆ ಫೋಟೋ ನೋಡದವರು ಉಳಿಯಲಿಲ್ಲ. ನಾನೂ ನೋಡಿದೆ. ನೀರು ಸ್ವಲ್ಪ ಹಸಿರಾಗಿದೆಯಲ್ಲ ಎನ್ನಿಸಿತು. ಆದರೆ ನಾನೂ ಸಮುದ್ರ ನೋಡಿದವನಲ್ಲ, ಬಾಯಿ ಮುಚ್ಚಿಕೊಂಡೆ. ಡೇರಿಯ ಸೆಕ್ರೆಟರಿ ಸಿದ್ದಮಲ್ಲಪ್ಪ ಹಾಲಿನ ಲೆಕ್ಕ ಬರೆಯುವುದು ಬಿಟ್ಟು ಮಾದಸ್ವಾಮಿಗೆ ಫೋನು ಮಾಡಿದ.

"ಲೇ ಮಾದಸ್ವಾಮಿ, ಬೆಳಗ್ಗೆ ಇಲ್ಲೇ ಹಾಲು ಹಾಕ್ದೆ, ಮಧ್ಯಾಹ್ನಕ್ಕೆ ಸಮುದ್ರದತ್ರ ಇದ್ದೀಯ! ಎಷ್ಟು ಸ್ಪೀಡಾಗೋದ್ಯಪ್ಪ?"

"ರೋಡು ಚೆನ್ನಾಗದೆ."

"ಬರೋವಾಗ ಒಂದು ಕ್ಯಾನ್ ಸಮುದ್ರದ ನೀರು ತಕಂಡು ಬಾ. ಮನೆಗೆ ಎರಚಿದ್ರೆ ಕಣ್ಣು ತಾಗಿರೋದು ಓಯ್ತದಂತೆ."

ಆಮೇಲೆ ಪಕ್ಕದ ಮನೆಯ ಮಹಾಲಕ್ಷ್ಮಮ್ಮ ಫೋನು ಮಾಡಿ ಒಂದು ಶಂಖ ಕೇಳಿದಳು, ಊದಿದರೆ ಸದ್ದು ಬರುವಂಥದ್ದೇ ಬೇಕು ಎಂದಳು. ಮಾದಸ್ವಾಮಿ ಎಲ್ಲದಕ್ಕೂ ಆಗಲಿ ಎನ್ನುತ್ತ ಹೋದ. ಬೆಳಗಿನ ತಿಂಡಿಯನ್ನೇ ಕಟ್ಟಿಕೊಂಡು ಬಂದಿದ್ದ ಬುತ್ತಿಯನ್ನು ರತ್ನ ಬಿಚ್ಚಿದಳು. ಗಂಡ ಹೆಂಡತಿ ನೀರಿನ ಪಕ್ಕ ಕೂತು ನಗುತ್ತ ಚಿತ್ರಾನ್ನ ತಿಂದರು. ಇಲ್ಲಿಗೇ ಮುಗಿದಿದ್ದರೆ ಇದೊಂದು ಸಣ್ಣ ಸುಳ್ಳಾಗಿ ಉಳಿಯುತ್ತಿತ್ತು.

ಎರಡು ಗಂಟೆಗೆ ರಂಗನಾಥನ ಫೋನು ಬಂತು. ದನಿಯಲ್ಲಿ ಜೇನು ಸುರಿಯುತ್ತಿತ್ತು.

"ಭಾವ, ಫೋಟೋ ನೋಡಿದೆ. ಸೂಪರ್. ಆದರೆ ಒಂದು ಯೋಚನೆ ಬಂತು. ನಿಮ್ಮ ಹುಳ ನಾಳೆ ಬೆಳಗ್ಗೆ ಏಳ್ತವೆ. ನೀವು ರಾತ್ರಿ ಸಮುದ್ರದತ್ರ ಉಳಿದು ಬರೋದು ಅಂದ್ರೆ ನಾಳೆ ಸಾಯಂಕಾಲ. ಅದಕ್ಕೆ ಅರ್ಧ ದಿನ ರಜಾ ಹಾಕಿ ನಾನೂ ರಮ್ಯಳೂ ನಿಮ್ಮೂರಿಗೆ ಹೊರಟಿದ್ದೀವಿ. ರಾತ್ರಿ ಹುಳದ ಮನೆಯಲ್ಲೇ ಮಲಗ್ತೀನಿ. ಬೆಳಗ್ಗೆ ಸೊಪ್ಪು ಹಾಕೋದು ನನ್ನ ಜವಾಬ್ದಾರಿ."

ಮಾದಸ್ವಾಮಿಯ ಬಾಯಲ್ಲಿದ್ದ ಚಿತ್ರಾನ್ನ ಅಲ್ಲೇ ನಿಂತಿತು. ರಂಗನಾಥ ಹುಳವನ್ನು ದೂರದಿಂದ ನೋಡಿದ್ದಾನೆಯೇ ಹೊರತು ಸಾಕಿದವನಲ್ಲ. ಎಲ್ಲ ಹುಳ ಏಳುವ ಮೊದಲೇ ಸೊಪ್ಪು ಹಾಕಿದರೆ ಕೆಲವು ತಿಂದು ಮುಂದೆ ಹೋಗಿ, ಕೆಲವು ಹಿಂದೆ ಬಿದ್ದು, ಇಡೀ ಬೆಳೆ ಏರುಪೇರಾಗಿ ಹೋಗುತ್ತದೆ.

"ಬ್ಯಾಡ ರಂಗನಾಥ, ನಿನಗ್ಯಾಕೆ ತೊಂದ್ರೆ? ಚಿಕ್ಕನಿಂಗಮ್ಮ ಅವ್ಳೆ."

"ಪಾಪ, ವಯಸ್ಸಾದವರು. ನೆಂಟರು ಅಂತ ಇರೋದ್ಯಾಕೆ ಭಾವ? ನೀವು ಸಮುದ್ರ ನೋಡ್ರಿ."

ಫೋನು ಕಟ್ಟಾಯಿತು. ನಾನು ಪಾಲಾರ್‌ನಲ್ಲಿದ್ದೇನೆ, ಮೂರು ಗಂಟೆಯಲ್ಲಿ ಮನೆಯಲ್ಲಿರುತ್ತೇನೆ ಎಂದು ಮಾದಸ್ವಾಮಿ ಹೇಳಿದ್ದರೆ ರಂಗನಾಥ ಯಳಂದೂರಿನಲ್ಲೇ ಉಳಿಯುತ್ತಿದ್ದ. ಹುಳ ಉಳಿಯಬೇಕಾದರೆ ಮಾನ ಹೋಗಬೇಕು, ಮಾನ ಉಳಿಯಬೇಕಾದರೆ ಹುಳ ಹೋಗಬೇಕು. ರತ್ನ ಬುತ್ತಿ ಕಟ್ಟಿದಳು. "ಏಳಿ ಮೇಲೆ. ಮೊದ್ಲು ಹುಳ," ಎಂದಳು.

ಹಿಂದಿರುಗುವ ದಾರಿಯಲ್ಲಿ ಬೆಟ್ಟದ ಏರಿಗೆ ಓಮ್ನಿ ಬಿಸಿಯಾಗಿ ನಿಂತಿತು. ಸಿದ್ದಮಲ್ಲಪ್ಪನ ಮನೆಯ ದೃಷ್ಟಿ ತೆಗೆಯಲು ಹಿನ್ನೀರಿನಲ್ಲಿ ತುಂಬಿಸಿಕೊಂಡಿದ್ದ ಕ್ಯಾನನ್ನು ರೇಡಿಯೇಟರಿಗೆ ಸುರಿದು ಮುಂದೆ ಸಾಗಿದರು. ಊರು ಸೇರುವಾಗ ಸೂರ್ಯ ಮುಳುಗುತ್ತಿದ್ದ.

ಊರೊಳಗೆ ಹೋಗುವಂತಿಲ್ಲ. ಅಧಿಕೃತವಾಗಿ ಅವರು ಆ ಹೊತ್ತಿನಲ್ಲಿ ಸಮುದ್ರ ತೀರದಲ್ಲಿದ್ದರು. ಮಾದಸ್ವಾಮಿ ಓಮ್ನಿಯನ್ನು ನಾಲೆಯ ಆಚೆ ಹುಣಸೆ ಮರದ ಹಿಂದೆ ನಿಲ್ಲಿಸಿ, ಬಗ್ಗಿಕೊಂಡು ತನ್ನದೇ ಹಿಪ್ಪುನೇರಳೆ ತೋಟದೊಳಗೆ ಕಳ್ಳನಾಗಿ ಹೊಕ್ಕ. "ಓಗಿ ಬನ್ನಿ, ನಾನಿನ್ನೂ ಸಮುದ್ರದತ್ರನೇ ಇದ್ದೀನಿ," ಎಂದು ರತ್ನ ಸೀಟು ಹಿಂದಕ್ಕೆ ಮಾಡಿಕೊಂಡು ಕಣ್ಣು ಮುಚ್ಚಿದಳು.

ತೋಟದ ಕೊನೆಯ ಸಾಲಿನಿಂದ ಹುಳದ ಮನೆಯ ಹಿಂದಿನ ಕಿಟಕಿ ನಾಲ್ಕು ಮಾರು. ಸೊಳ್ಳೆಪರದೆ ಹೊಡೆದ ಕಿಟಕಿಯ ಒಳಗೆ ದೀಪ ಉರಿಯುತ್ತಿತ್ತು. ರಂಗನಾಥ ಹುಳ ಹರಡಿದ್ದ ಸ್ಟ್ಯಾಂಡುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ಆಫೀಸು ತಪಾಸಣೆಗೆ ಬಂದ ಸಾಹೇಬನ ಹಾಗೆ ಓಡಾಡುತ್ತಿದ್ದ. ಮುಂದಿನ ಬಾಗಿಲಲ್ಲಿ ಚಿಕ್ಕನಿಂಗಮ್ಮ ಪೊರಕೆ ಹಿಡಿದು ಬೀದಿಗೆ ಮುಖ ಮಾಡಿ ಕೂತಿದ್ದಳು. ರಂಗನಾಥನಿಗೆ ತಲೆ ಮೇಲೆ ಎರಡು ಬಿಂದಿಗೆ ನೀರು ಸುರಿದೇ ಅವಳು ಒಳಗೆ ಬಿಟ್ಟಿದ್ದು. ಅದಕ್ಕೆ ಅವನು ಮಾದಸ್ವಾಮಿಯ ಹಳೇ ಲುಂಗಿಯಲ್ಲಿದ್ದ. ರಮ್ಯ ಅಕ್ಕನ ಅಡುಗೆಮನೆ ಸೇರಿದ್ದಳು. ಮಾದಸ್ವಾಮಿ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತು ಫೋನು ಮಾಡಿದ.

"ರಂಗನಾಥ, ಎಂಗವೆ ಹುಳ?"

"ಮಲಗವೆ ಭಾವ. ಒಂದೂ ಅಲ್ಲಾಡ್ತಿಲ್ಲ. ಸತ್ತೋಗಿಲ್ಲ ತಾನೆ?"

"ಅವು ಅಂಗೇ ಇರೋದು. ಕೈಯಿಂದ ಮುಟ್ಬ್ಯಾಡ. ಆ ಬಲಗಡೆ ಮೂರನೇ ಅಂತಸ್ತಿನ ಮೇಲೆ ಹಲ್ಲಿ ಬಂತು ನೋಡು, ಓಡಿಸು."

ರಂಗನಾಥ ತಿರುಗಿ ನೋಡಿದ. ಹಲ್ಲಿ ಇತ್ತು.

"ಭಾವ! ಅಲ್ಲಿಂದ ನಿಮಗೆ ಹೆಂಗೆ ಗೊತ್ತಾಯ್ತು?"

"ದಿನಾ ಈ ಹೊತ್ಗೆ ಬತ್ತದೆ. ಅಲ್ಲೇ ಬತ್ತದೆ. ಅಭ್ಯಾಸ ಅದಕ್ಕೆ."

"ಸಮುದ್ರ ಕಾಣ್ತಿದೆಯಾ ಭಾವ ಈಗ? ಅಲೆ ಸದ್ದು ಒಂಚೂರು ಕೇಳಿಸಿ. ರಮ್ಯ ಕೇಳ್ತಿದ್ಲು."

ಮಾದಸ್ವಾಮಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಹಿಪ್ಪುನೇರಳೆ ಗಿಡವನ್ನು ಮೇಲಿಂದ ಕೆಳಕ್ಕೆ ಜೋರಾಗಿ ಜಗ್ಗಿದ. ಸರ್ರ್ ಎಂದಿತು. ಬಿಟ್ಟ. ಮತ್ತೆ ಜಗ್ಗಿದ. ಸಾಲಿನ ಆ ತುದಿಯಲ್ಲಿ ಮಲಗಿದ್ದ ಸಿದ್ದಮಲ್ಲಪ್ಪನ ನಾಯಿ ಎದ್ದು ಬೊಗಳಲು ಶುರು ಮಾಡಿತು.

"ಅಲೆ ಕೇಳ್ತು ಭಾವ. ಅಬ್ಬಬ್ಬ! ಆದರೆ ನಾಯಿ ಬೊಗಳ್ತಿದೆಯಲ್ಲ? ಇಲ್ಲೂ ಒಂದು ನಾಯಿ ಬೊಗಳ್ತಿದೆ. ಎರಡೂ ಒಟ್ಟಿಗೇ ಬೊಗಳ್ತಿವೆ ಭಾವ."

"ಸಮುದ್ರದ ಕಡೆ ನಾಯಿ ಜಾಸ್ತಿ."

ರಂಗನಾಥ ಇದನ್ನೂ ನಂಬಿದ. ಗುಮಾಸ್ತನಾಗಿ ಅವನು ಇದಕ್ಕಿಂತ ದೊಡ್ಡ ಸುಳ್ಳುಗಳಿಗೆ ರಸೀತಿ ಬರೆದವನು. "ಸರಿ ಭಾವ, ನಾನು ಚಾಪೆ ಹಾಸ್ಕೋತೀನಿ. ಇಲ್ಲಿ ಸೊಳ್ಳೆ ವಿಪರೀತ," ಎಂದ. ಎಂದವನು ಕಿಟಕಿಯ ಹತ್ತಿರ ಬಂದು ಜೋಳಿಗೆಯಿಂದ ಹಸಿರು ಬಣ್ಣದ, ಸುರುಳಿ ಸುತ್ತಿದ ಒಂದು ವಸ್ತುವನ್ನು ತೆಗೆದ.

ಸೊಳ್ಳೆ ಬತ್ತಿ.

ಓದುಗರಿಗೆ ಹೇಳಬೇಕಾದ ಮಾತು: ಹುಳದ ಮನೆಯಲ್ಲಿ ಬೀಡಿ ಸೇದಬಾರದು, ಸೆಂಟು ಹಾಕಿಕೊಂಡು ಹೋಗಬಾರದು. ಸೊಳ್ಳೆ ಬತ್ತಿಯ ಹೊಗೆಯಂತೂ ಹುಳಕ್ಕೆ ಶುದ್ಧ ವಿಷ. ಒಂದು ಬತ್ತಿ ಉರಿದು ಮುಗಿಯುವಷ್ಟರಲ್ಲಿ ಇನ್ನೂರು ಮೊಟ್ಟೆಯ ಹುಳ ಗೊಬ್ಬರದ ಗುಂಡಿಗೆ. ನಮ್ಮ ಬೀದಿಯಲ್ಲಿ ನಡೆಯಲು ಕಲಿತ ಮಗುವಿಗೂ ಇದು ಗೊತ್ತು. ಯಳಂದೂರಿನ ಆಫೀಸಿನಲ್ಲಿ ಗೊತ್ತಿಲ್ಲ.

"ರಂಗನಾಥ, ಬತ್ತಿ ಹಚ್ಬ್ಯಾಡ!" ಎಂದು ಮಾದಸ್ವಾಮಿ ಫೋನಿನಲ್ಲಿ ಕಿರುಚಿದ. ಇಡೀ ದಿನ ಸಮುದ್ರ ತೋರಿಸಿದ್ದ ಆ ಫೋನಿನ ಬ್ಯಾಟರಿ ಅದೇ ಕ್ಷಣಕ್ಕೆ ಪ್ರಾಣ ಬಿಟ್ಟಿತ್ತು. ಒಳಗೆ ರಂಗನಾಥ ಇಯರ್‌ಫೋನು ಸಿಕ್ಕಿಸಿಕೊಂಡು ಹಾಡು ಕೇಳುತ್ತ ಬೆಂಕಿಪೊಟ್ಟಣ ಹುಡುಕುತ್ತಿದ್ದ. ಕಿಟಕಿಗೆ ಬಡಿದರೂ ಅವನ ಕಿವಿಗೆ ಬೀಳಲಿಲ್ಲ. ಮಾದಸ್ವಾಮಿ ಗಿಡ ಮುರಿದುಕೊಂಡು ಮನೆ ಸುತ್ತಿ ಮುಂದಿನ ಬಾಗಿಲಿಗೆ ಓಡಿಬಂದ.

ಬಾಗಿಲಲ್ಲಿ ಪೊರಕೆ ಅಡ್ಡ ಬಂತು.

"ಎಲ್ಲಿಗ್ಲಾ ನುಗ್ತೀಯ?" ಎಂದಳು ಚಿಕ್ಕನಿಂಗಮ್ಮ. ಅವನು ಹೇಗೆ ಬಂದ, ಯಾವಾಗ ಬಂದ ಎಂಬುದು ಅವಳ ತಲೆಗೆ ಬರಲೇ ಇಲ್ಲ. ಬಂದದ್ದು ಒಂದೇ ವಿಚಾರ. "ಸಮುದ್ರದಿಂದ ಬಂದವ್ನೆ, ಮೈಯೆಲ್ಲ ಉಪ್ಪಿರ್ತದೆ! ಜ್ವರಕ್ಕೆ ಕೂತಿರೋ ಹುಳದ ಮೇಲೆ ಉಪ್ಪು ಉದುರಿದ್ರೆ ಏನ್ಲಾ ಗತಿ? ನಡಿ, ನಾಲೆಲಿ ಮುಳುಗಿ ಬಾ."

"ದೊಡ್ಡವ್ವ, ಬುಡು! ಒಳಗೆ ರಂಗನಾಥ ಸೊಳ್ಳೆ ಬತ್ತಿ ಹಚ್ತಾವ್ನೆ!"

"ಈಗ ಸಮುದ್ರದಿಂದ ಇಳಿದವ್ನು ನೀನು. ಒಳಗೆ ಏನಾಯ್ತದೆ ಅಂತ ನಿಂಗೆಂಗ್ಲಾ ಗೊತ್ತು?"

ಗದ್ದಲಕ್ಕೆ ಬೀದಿ ಸೇರಿತು. ಮಹಾಲಕ್ಷ್ಮಮ್ಮ ಮುಂದೆ ಬಂದು ಶಂಖ ಎಲ್ಲಿ ಎಂದಳು. ಸಿದ್ದಮಲ್ಲಪ್ಪ ಕ್ಯಾನು ಎಲ್ಲಿ ಎಂದ. ಒಳಗೆ ಕಡ್ಡಿ ಗೀರಿದ ಸದ್ದು ಮಾದಸ್ವಾಮಿಗೆ ಕೇಳಿಸಿತು, ಅಥವಾ ಕೇಳಿಸಿದ ಹಾಗಾಯಿತು. ಅವನು ಎರಡೂ ಕೈ ಮೇಲೆತ್ತಿ, ಗಂಟಲು ಹರಿಯುವ ಹಾಗೆ ಕೂಗಿದ.

"ನಾನು ಸಮುದ್ರಕ್ಕೇ ಓಗಿಲ್ಲ ಕಣವ್ವೋ! ಪಾಲಾರ್‌ಗೋಗಿದ್ದೆ! ಮೆಟ್ಟೂರು ಡ್ಯಾಮ್ ನೀರು ಅದು! ಅರ್ಧ ಗಂಟೆಯಿಂದ ನನ್ ತೋಟದಲ್ಲೇ ಕೂತ್ಕಂಡು ಕಿಟಕಿಲಿ ನೋಡ್ತಾ ಇದ್ದೆ! ಅಲೆ ಸದ್ದೂ ನಾನೇ ಮಾಡಿದ್ದು!"

ಸಿದ್ದಮಲ್ಲಪ್ಪ ಫೋನು ತೆಗೆದು ಆ ಫೋಟೋವನ್ನು ಮತ್ತೆ ನೋಡಿದ.

"ಪಾಲಾರಾ?" ಎಂದಳು ಚಿಕ್ಕನಿಂಗಮ್ಮ. "ಅಂಗಾದ್ರೆ ಬತ್ತಿ ನಿಜವಾ?" ಎಂದವಳೇ ಎಪ್ಪತ್ತು ವರ್ಷ ಮರೆತು ಒಳಗೆ ನುಗ್ಗಿದಳು. ಧಡ್ ಎಂದು ಒಂದು ಸದ್ದು, ಪೊರಕೆಯ ಎರಡು ಸದ್ದು, 'ಅಯ್ಯೋ ಅಜ್ಜಿ' ಎಂಬ ರಂಗನಾಥನ ಸದ್ದು. ಅವಳು ಹೊರಗೆ ಬಂದಾಗ ಒಂದು ಕೈಯಲ್ಲಿ ತುದಿ ಕೆಂಪಗಿದ್ದ ಬತ್ತಿ, ಇನ್ನೊಂದು ಕೈಯಲ್ಲಿ ರಂಗನಾಥನ ಇಯರ್‌ಫೋನಿನ ದಾರ, ಅದರ ಹಿಂದೆ ರಂಗನಾಥ.

ಬತ್ತಿ ಉರಿದದ್ದು ಬೆರಳಿನ ಉಗುರಿನಷ್ಟು. ಕಿಟಕಿ ಬಾಗಿಲೆಲ್ಲ ತೆರೆದರು, ಬೀಸಣಿಗೆ ಬೀಸಿದರು. ಅಷ್ಟು ಹೊಗೆಗೆ ಹುಳ ಉಳಿದವೇ ಹೋದವೇ ಎಂಬುದು ಬೆಳಗ್ಗೆ ಏಳುವವರೆಗೆ ತಿಳಿಯುವಂತಿರಲಿಲ್ಲ. ಮಾದಸ್ವಾಮಿ ಹೊಸ್ತಿಲ ಮೇಲೆ ತಲೆ ಹಿಡಿದು ಕೂತ. ಅವನನ್ನು ಗೇಲಿ ಮಾಡಲು ಬೀದಿಯವರಿಗೆ ಆಸೆ ತುಂಬಿತ್ತು. ಆದರೆ ನಾವೆಲ್ಲ ಹುಳ ಸಾಕುವವರು, ಹುಳ ಏಳುವವರೆಗೆ ಯಾರೂ ಬಾಯಿ ಬಿಡಲಿಲ್ಲ. ನಾಲೆಯ ಕಡೆಯಿಂದ ನಡೆದುಬಂದ ರತ್ನ ಗಂಡನ ಪಕ್ಕ ಕೂತಳು.

ಬೆಳಗ್ಗೆ ಬೀದಿಗೆ ಬೀದಿಯೇ ಆ ಕಿಟಕಿಯ ಹತ್ತಿರ ನಿಂತಿತ್ತು. ಮೊದಲು ಒಂದು ಹುಳ ಪೊರೆ ಕಳಚಿ ತಲೆ ಆಡಿಸಿತು. ಆಮೇಲೆ ಹತ್ತು, ಆಮೇಲೆ ಸ್ಟ್ಯಾಂಡಿಗೆ ಸ್ಟ್ಯಾಂಡೇ ಎದ್ದಿತು. ಎಲ್ಲ ಎದ್ದ ಮೇಲೆ ಮಾದಸ್ವಾಮಿ ಸೊಪ್ಪು ಹಾಕಿದ, ಹುಳ ತಿನ್ನುವ ಚರಚರ ಸದ್ದು ಹೊರಗೆ ನಿಂತವರಿಗೂ ಕೇಳಿಸಿತು. ಅವನ ಕಣ್ಣಲ್ಲಿ ನೀರು ಬಂತು.

ಆಗ ನಾವು ಬಾಯಿ ಬಿಟ್ಟೆವು. ಏನೇನು ಅಂದೆವು ಎಂಬುದನ್ನು ಬಿಡೋಣ. ರಂಗನಾಥನಂತೂ ನಗುನಗುತ್ತ ಮೂರು ಇಡ್ಲಿ ಹೆಚ್ಚಿಗೆ ತಿಂದ. ಆದರೆ ಎಲ್ಲ ನಕ್ಕು ಸುಸ್ತಾದ ಮೇಲೆ ಚಿಕ್ಕನಿಂಗಮ್ಮ ಮಹಾಲಕ್ಷ್ಮಮ್ಮನ ಫೋನು ಇಸಿದುಕೊಂಡು ಆ ಫೋಟೋವನ್ನು ಮತ್ತೊಮ್ಮೆ ನೋಡಿದಳು.

"ಲೇ ಮಾದಸ್ವಾಮಿ, ಬೆಳಗ್ಗೆ ಓಗಿ ಸಂಜೆಗೆ ಬರೋವಷ್ಟು ಅತ್ರದಲ್ಲಿ ಇಷ್ಟೊಂದು ನೀರದ್ಯಾ? ಒಬ್ಬೊಬ್ನೇ ಓಗಿ ನೋಡ್ಕಂಡು ಬಂದ್ಯಲ್ಲ, ನಮ್ಗೆಲ್ಲ ಏನಾಗಿತ್ತು?"

ಇಡೀ ಬೀದಿ ಹೌದೌದು ಎಂದಿತು. ಎಲ್ಲರೂ ಪಾಲಾರ್‌ಗೆ ಹೋಗಬೇಕು ಎಂದಾಯಿತು. ಆದರೆ ಹೇಗೆ? ಈ ಮನೆಯಲ್ಲಿ ಹುಳ ಜ್ವರಕ್ಕೆ ಕೂತ ದಿನ ಆ ಮನೆಯಲ್ಲಿ ಸೊಪ್ಪು ಹಾಕುತ್ತಿರುತ್ತಾರೆ. ಒಂದು ವಾರ ಚರ್ಚೆ ನಡೆಯಿತು. ಕೊನೆಗೆ ಚಿಕ್ಕನಿಂಗಮ್ಮನೇ ತೀರ್ಪು ಕೊಟ್ಟಳು: ಮುಂದಿನ ಬೆಳೆಗೆ ಹತ್ತೊಂಬತ್ತು ಮನೆಯವರೂ ಮರಿ ಹುಳವನ್ನು ಒಂದೇ ದಿನ ತರುವುದು, ಒಂದೇ ದಿನ ತಂದರೆ ಒಂದೇ ದಿನ ನಾಲ್ಕನೇ ಜ್ವರ, ಅವತ್ತು ಒಂದು ಮಿನಿ ಬಸ್ಸು.

ಮರಿ ಹುಳ ಮಾರುವ ಕೇಂದ್ರದಲ್ಲಿ ಹತ್ತೊಂಬತ್ತು ಮನೆಯವರು ಒಂದೇ ತಾರೀಖು ಬರೆಸಿದ ಸುದ್ದಿ ರೇಷ್ಮೆ ವಿಸ್ತರಣಾಧಿಕಾರಿ ವೃಷಭೇಂದ್ರಪ್ಪನವರಿಗೆ ಮುಟ್ಟಿತು. ಊರಿನವರೆಲ್ಲ ಒಟ್ಟಿಗೆ ಸಾಕಾಣಿಕೆ ಮಾಡಿ, ರೋಗ ಕಡಿಮೆಯಾಗುತ್ತದೆ ಎಂದು ಅವರು ಹನ್ನೆರಡು ವರ್ಷದಿಂದ ಸಭೆ ಸಭೆಯಲ್ಲಿ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು. ಒಬ್ಬರೂ ಕೇಳಿರಲಿಲ್ಲ. ಅವರು ಜೀಪು ಹತ್ತಿ ಬಂದೇಬಿಟ್ಟರು, ಜೊತೆಗೆ ಒಂದು ಹಾರ, ಒಬ್ಬ ಫೋಟೋಗ್ರಾಫರ್. ಇದರ ಮೂಲ ಯಾರು ಎಂದು ಕೇಳಿದಾಗ ಎಲ್ಲರ ಬೆರಳೂ ಒಂದೇ ಕಡೆ ತೋರಿಸಿತು. ಹಾರ ಮಾದಸ್ವಾಮಿಯ ಕೊರಳಿಗೆ ಬಿತ್ತು.

"ಮಾದಸ್ವಾಮಿಯವರೇ, ತಮಗೆ ಈ ಪ್ರೇರಣೆ ಎಲ್ಲಿಂದ ಬಂತು?"

"ಪಾಲಾರ್‌ನಿಂದ ಸಾ."

"ಆ ಕಡೆಯೂ ಒಳ್ಳೆ ಸಾಕಾಣಿಕೆ ಇದೆಯೇ?"

"ಒಳ್ಳೆ ನೀರದೆ ಸಾ."

ವೃಷಭೇಂದ್ರಪ್ಪನವರು ನೀರಾವರಿ ಎಂದು ಬರೆದುಕೊಂಡರು. ನಾವೆಲ್ಲ ಕೆಮ್ಮಿದೆವು. ಆಮೇಲೆ ಅವರು ಕನ್ನಡಕ ತೆಗೆದು, ಬಹಳ ಸಂತೋಷದಿಂದ, ಇಂಥ ಪ್ರಗತಿಪರ ಬೀದಿಗೆ ಇಲಾಖೆಯಿಂದ ಏನು ಬೇಕಾದರೂ ಕೇಳಬಹುದು ಎಂದರು. ಸುಣ್ಣದ ಪುಡಿ, ಔಷಧಿ, ಸ್ಟ್ಯಾಂಡು, ಕಸ ತೆಗೆಯುವ ಬಲೆ, ಯಾವುದಕ್ಕೂ ಸಂಕೋಚ ಬೇಡ ಎಂದರು. ಗಂಡಸರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿರುವಾಗ ಹಿಂದಿನ ಸಾಲಿನಿಂದ ರತ್ನ ಎದ್ದು ನಿಂತಳು.

"ಸಾ, ಈ ಹುಳ ನಾಕನೇ ಜ್ವರಕ್ಕೆ ಒಂದೇ ದಿನ ಕೂರ್ತವೆ. ಅಷ್ಟೊತ್ತಲ್ಲಿ ಪಾಲಾರ್‌ಗೆ ಮಾತ್ರ ಓಗಿ ಬರಬೋದು. ನಿಮ್ಮ ಇಲಾಖೆಲಿ ಮೂರು ದಿನ ಕೂರೋ ಹುಳ ಏನಾದ್ರೂ ಅದ್ಯಾ?"

"ಮೂರು ದಿನವೇ? ಮೂರು ದಿನ ಯಾಕಮ್ಮ?"

"ಸಮುದ್ರ ನೋಡ್ಬೇಕು ಸಾ."